ಇಪ್ಪತ್ತಾರು ಇಂಚಿನ ಬಾಗಿಲು

ಫೆಬ್ರವರಿ 4

ಅಣ್ಣಾ,

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಬಟ್ಟೆಗಂಟಿಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚಿದ್ದಕ್ಕೆ ಕೆಟ್ಟ ಕನಸು ಬಿತ್ತು. ನಮ್ಮ ಹಳೇ ಬೈಕು, ಅದೇ ಒಂಬತ್ತು ವರ್ಷದಿಂದ ಪ್ಯಾಸೇಜಲ್ಲಿ ಮುಸುಕು ಹಾಕ್ಕೊಂಡು ನಿಂತಿದೆಯಲ್ಲ, ಅದರ ಮೇಲೆ ನನ್ನ ಮಗಳು ಕೂತಿದಾಳೆ. ಗಾಡಿ ಓಡ್ತಾ ಇಲ್ಲ, ನಿಂತಿದೆ. ಆದ್ರೆ ಅವಳ ಕಾಲು ನೆಲಕ್ಕೆ ಸಿಗ್ತಾ ಇಲ್ಲ. ಇಳಿಸ್ತಾಳೆ, ಇಳಿಸ್ತಾಳೆ, ನೆಲ ಇನ್ನೂ ಕೆಳಗೆ ಹೋಗ್ತಾ ಇದೆ, ಬಾವಿಗೆ ಕೊಡ ಬಿಟ್ಟ ಹಾಗೆ. ‘ಅಮ್ಮಾ ಹಿಡ್ಕೋ’ ಅಂತಾಳೆ. ಹಿಡಿಯೋಣ ಅಂದ್ರೆ ನನ್ನ ಕೈತುಂಬ ಒದ್ದೆ ಬಟ್ಟೆ. ಕೆಳಗೆ ಹಾಕೋಕೂ ಆಗ್ತಾ ಇಲ್ಲ.

ಅದಕ್ಕೇ ಇದನ್ನ ಬರೀತಾ ಇದೀನಿ. ಒಂಬತ್ತು ವರ್ಷ ಆದ ಮೇಲೆ ಯಾವ ಮುಖ ಇಟ್ಕೊಂಡು ಬರೀತಾಳೆ ಅಂತ ನೀನು ಅಂದ್ಕೊಂಡ್ರೂ ಸರಿ. ಫೋನ್ ಮಾಡೋಣ ಅಂದ್ರೆ ನಿನ್ನ ಕಿವಿ ಪೂರ್ತಿ ಹೋಗಿದೆ ಅಂತ ಯಾರೋ ಹೇಳಿದ್ರು. ಇಂಜಿನ್ನು ಕೇಳಿ ಕೇಳಿ ಆಗಿದ್ದು ಅಂತೆ. ನಾನು ಫೋನಲ್ಲಿ ಕಿರುಚಿದ್ರೆ ಬೀದಿಗೆಲ್ಲ ಕೇಳುತ್ತೆ, ನಿನಗೊಬ್ಬನಿಗೆ ಕೇಳಲ್ಲ.

ವಿಷಯ ಇಷ್ಟು. ಮಗಳಿಗೆ ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಸಿಕ್ಕಿದೆ. ಚಿಕ್ಕ ಚಿಕ್ಕ ಕ್ಲಿನಿಕ್ಕಿಗೆ ಹೋಗಿ ರಕ್ತದ ಸೀಸೆ ಇಟ್ಟ ಪೆಟ್ಟಿಗೆ ತಂದು ಕೊಡಬೇಕು. ಸ್ವಂತ ಗಾಡಿ ಇದ್ರೆ ಮಾತ್ರ ಕೆಲಸ. ಏಪ್ರಿಲ್ ಹದಿನೈದಕ್ಕೆ ಸೇರಬೇಕು. ನಾನು ಬೇಡ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಇವರು, ದಿನಕ್ಕೆ ನಾಲ್ಕು ಮಾತು ಆಡಿದ್ರೆ ಹೆಚ್ಚು, ‘ಮನೇಲೇ ಒಂದು ಗಾಡಿ ಇದೆಯಲ್ಲ’ ಅಂದ್ರು. ಅಂದು ಊರುಗೋಲು ಊರ್ಕೊಂಡು ಹೋಗಿ ಮುಸುಕು ಎಳೆದ್ರು. ಆ ಧೂಳಿಗೆ ಮೂರೂ ಜನ ಸೀನಿದ್ವಿ. ಅದೊಂದೇ ನಾವು ಈಚೆಗೆ ಒಟ್ಟಿಗೆ ಮಾಡಿದ ಕೆಲಸ.

ನಿನ್ನ ಗುಂಡುಪಿನ್ನು ಈಗಲೂ ಗುಂಡುಪಿನ್ನೇ. ಇಪ್ಪತ್ತೆರಡು ವರ್ಷ ಆದ್ರೂ ನನ್ನ ಭುಜಕ್ಕೆ ಬರ್ತಾಳೆ. ಸೀಟು ತಗ್ಗಿಸಬೇಕು. ಗಾಡಿ ಮಗುಚಿದ್ರೂ ಕಾಲ ಮೇಲೆ ಬೀಳದ ಹಾಗೆ ಮುಂದೆ ಪೈಪಿನ ಗಾರ್ಡು ಹಾಕಬೇಕು, ಗಟ್ಟಿಯಾದ್ದು. ಕೈ ಹಿಡಿಯೋ ಕಡೆಗೂ ಹಾಕ್ತಾರಂತಲ್ಲ, ಅದೂ. ಸೈಲೆನ್ಸರ್ ಕಾಲಿಗೆ ಸುಡದ ಹಾಗೆ ಒಂದು ತಗಡು. ಬೇರೆ ಮೆಕಾನಿಕ್ಕಿನ ಹತ್ರ ಕೊಡೋಕೆ ನನಗೆ ಧೈರ್ಯ ಇಲ್ಲ.

ಉತ್ತರ ಬರೆದ್ರೆ ಮನೆಗೆ ಹಾಕಬೇಡ. ನಾನು ಬಟ್ಟೆ ಮಡಿಸೋ ಆಸ್ಪತ್ರೆ ಲಾಂಡ್ರಿಯ ವಿಳಾಸ ಹಿಂದೆ ಇದೆ. ಹಾಳೆ ಇರಲಿಲ್ಲ, ಬೆಡ್‌ಶೀಟ್ ಲೆಕ್ಕದ ಚೀಟಿ ಮೇಲೇ ಬರೆದೆ. ಅಕ್ಷರ ಹೇಗಿದ್ಯೋ ಹಾಗೆ ಓದಿಕೋ.

ನಿನ್ನ ತಂಗಿ

*

ಫೆಬ್ರವರಿ 19

ಅಣ್ಣಾ,

ಹದಿನೈದು ದಿನ ಆಯ್ತು. ಕಾಗದ ಸಿಕ್ಕಿಲ್ವೋ, ಸಿಕ್ಕಿ ಒಲೆಗೆ ಹಾಕಿದ್ಯೋ ಗೊತ್ತಿಲ್ಲ. ಸೂಪರ್‌ವೈಸರಮ್ಮ ದಿನಾ ಕೇಳ್ತಾರೆ, ‘ಏನು, ಲವ್ ಲೆಟರ್ ಕಾಯ್ತಾ ಇದೀಯಾ ಈ ವಯಸ್ಸಲ್ಲಿ’ ಅಂತ. ‘ಹೌದಮ್ಮ, ಕಿವುಡ ಸಿಕ್ಕಿದಾನೆ’ ಅಂದೆ.

ನಿನಗೆ ಸಿಟ್ಟಿರುತ್ತೆ. ಆಸ್ಪತ್ರೆ ವರಾಂಡದಲ್ಲಿ ಅಷ್ಟು ಜನರ ಎದುರಿಗೆ ನಾನು ಏನು ಅಂದೆ ಅಂತ ನನಗೆ ಒಂದೊಂದು ಅಕ್ಷರ ನೆನಪಿದೆ. ‘ನೀನು ಆ ಗಾರ್ಡು ಬಿಚ್ಚದೇ ಇದ್ದಿದ್ರೆ ಇವರ ಕಾಲು ಉಳೀತಿತ್ತು. ನಿನ್ನ ಕೈ ಸೇದಿಹೋಗ’ ಅಂದೆ. ನೀನು ಏನೂ ಹೇಳಲಿಲ್ಲ. ಕೈಯಲ್ಲಿದ್ದ ಫ್ಲಾಸ್ಕು ಬೆಂಚಿನ ಮೇಲಿಟ್ಟು ಹೋದೆ. ಆ ಫ್ಲಾಸ್ಕು ಇನ್ನೂ ನಮ್ಮನೇಲಿದೆ. ಮುಚ್ಚಳ ಹೋಗಿದೆ.

ನೀನು ಯಾಕೆ ಏನೂ ಹೇಳಲಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಇದರ ಜೊತೆ ಒಂದು ದಾರ ಇಟ್ಟಿದೀನಿ. ಮಗಳ ಕಾಲಿನ ಅಳತೆ, ತೊಡೆಸಂದಿಯಿಂದ ಹಿಮ್ಮಡಿವರೆಗೆ. ಟೇಪಿನ ನಂಬರು ಓದಿದ್ರೆ ನಾನು ತಪ್ಪು ಬರೀತೀನಿ, ನಾಲ್ಕನೇ ಕ್ಲಾಸಿಗೇ ಬಿಟ್ಟವಳು. ದಾರ ಸುಳ್ಳು ಹೇಳಲ್ಲ. ಆಚೆ ಗಂಟಿಂದ ಈಚೆ ಗಂಟಿಗೆ ನೋಡು. ‘ಪ್ಯಾಂಟು ಹೊಲಿಸ್ತೀನಿ ನಿಂತ್ಕೋ’ ಅಂತ ಅವಳಿಗೆ ಹೇಳಿದ್ದೆ. ಈಗ ದಿನಾ ಪ್ಯಾಂಟು ಎಲ್ಲಿ ಅಂತಾಳೆ.

ತಂಗಿ

*

ಫೆಬ್ರವರಿ 27

ತಂಗಿ,

ಎರಡು ಕಾಗದವೂ ಬಂದವು. ಕಿವಿ ಹೋಗಿರುವುದು ನಿಜ. ಈಗ ಇಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏನು ತೊಂದರೆ ಎಂದು ತಿಳಿದುಕೊಳ್ಳುತ್ತೇನೆ. ಮನುಷ್ಯರಿಗೆ ಹಾಗೆ ಮಾಡಲು ಬರುವುದಿಲ್ಲ. ಅದಕ್ಕೆ ಕಾಗದವೇ ಮೇಲು.

ಗಾಡಿ ಕಳಿಸು. ಕೆಲಸ ಮಾಡುತ್ತೇನೆ.

ಒಂದೇ ಮಾತು ಕೇಳಬೇಕು. ನಿಮ್ಮ ಬಾಗಿಲು ಅದೇ ತಾನೆ?

ಅಣ್ಣ

*

ಮಾರ್ಚ್ 6

ಅಣ್ಣಾ,

ಗಾಡಿ ಕಳಿಸಿದೀವಿ. ಮೆಕಾನಿಕ್ಕಿನ ಹತ್ರ ಅಂತ ಅಷ್ಟೇ ಇವರಿಗೆ ಹೇಳಿದೀನಿ, ಯಾರು ಅಂತ ಹೇಳಿಲ್ಲ. ಸೋಫಾ ಸಾಗಿಸೋ ಟೆಂಪೋದವನು ನಿಮ್ಮ ಕಡೆ ಹೋಗ್ತಿದ್ದ, ಅವನೇ ಹಗ್ಗ ಕಟ್ಟಿ ಒಯ್ದ. ಕಟ್ಟುವಾಗ ನಾನು ನಾಲ್ಕು ಸಲ ಎಳೆದು ನೋಡಿದೆ. ಐದನೇ ಸಲಕ್ಕೆ ‘ಅಮ್ಮಾ ನೀವೂ ಹತ್ತಿ ಕೂತ್ಕೊಂಡುಬಿಡಿ, ಹಿಡ್ಕೊಂಡು ಬನ್ನಿ’ ಅಂದ. ಮಗಳು ನಗ್ತಾ ಇದ್ಲು. ನನ್ನ ಗೋಳು ನನಗೆ.

ಪ್ಯಾಸೇಜು ಈಗ ಖಾಲಿ. ಇವರು ಬಚ್ಚಲಿಗೆ ಹೋಗುವಾಗ ಸೀಟಿನ ಮೇಲೆ ಕೈ ಊರ್ತಾ ಇದ್ರು, ಇಷ್ಟು ವರ್ಷ. ಈಗಲೂ ಆ ಜಾಗಕ್ಕೆ ಬಂದಾಗ ಕೈ ಚಾಚ್ತಾರೆ. ಗಾಳಿಗೆ ಹೋಗುತ್ತೆ ಕೈ. ಬಿದ್ದುಬಿಟ್ರೆ ಅಂತ ಒಂದು ಕುರ್ಚಿ ಇಟ್ಟಿದೀನಿ.

ನೀನು ಬಾಗಿಲ ವಿಷಯ ಕೇಳಿದೀಯ. ಅದೇ ಬಾಗಿಲು. ಅದೇ ಚೌಕಟ್ಟು. ಹ್ಯಾಂಡಲ್ ಆದ್ರೆ ಒಂದು ಕಡೆ ತಿರುಗಿಸಿ ತೂರಿಸಬಹುದು, ಗಾರ್ಡು ತಿರುಗಲ್ಲ, ಗೊತ್ತು. ಅದಕ್ಕೆ ಒಂದು ಯೋಚನೆ ಮಾಡಿದೀನಿ. ಬೇಕಾದಾಗ ಬಿಚ್ಚಿ ಬೇಕಾದಾಗ ಹಾಕೋ ಥರ ಮಾಡೋಕಾಗಲ್ವಾ? ಬಟ್ಟೆ ಒಣಗಿಸೋ ಸ್ಟ್ಯಾಂಡು ಮಡಚ್ತೀವಲ್ಲ, ಹಾಗೆ. ಮನೆಗೆ ಬಂದಾಗ ಮಡಚಿ ಒಳಗೆ, ಹೊರಗೆ ಹೋದಾಗ ಬಿಚ್ಚಿ. ಬೀದೀಲಿ ನಿಲ್ಲಿಸಿದ್ರೆ ಪೆಟ್ರೋಲು ಎಳ್ಕೊಂಡು ಹೋಗ್ತಾರೆ, ಕನ್ನಡಿ ಬಿಚ್ಕೊಂಡು ಹೋಗ್ತಾರೆ. ಒಳಗೇ ಬರಬೇಕು.

ತಂಗಿ

*

ಮಾರ್ಚ್ 14

ತಂಗಿ,

ಗಾಡಿ ಬಂತು. ಹಗ್ಗ ಸಡಿಲವಾಗಿರಲಿಲ್ಲ.

ಮಡಚುವ ಗಾರ್ಡು ಮಾಡುವುದಿಲ್ಲ. ಬಿಚ್ಚುವ ಹಾಗೆ ಮಾಡಿದರೆ ಬಿಚ್ಚುತ್ತೀರಿ. ಒಂದು ದಿನ ಅವಸರ, ಒಂದು ದಿನ ಮಳೆ, ಒಂದು ದಿನ ಮನೆಯ ಓನರ್ ಬೈದರು ಎಂದು. ಆಮೇಲೆ ಅದು ಮಂಚದ ಕೆಳಗೆ ಹೋಗುತ್ತದೆ. ಒಮ್ಮೆ ನಿನ್ನ ಮಾತಿಗೆ ಹತ್ತು ನಿಮಿಷದಲ್ಲಿ ಬಿಚ್ಚಿದ್ದೇನೆ. ಎರಡನೆಯ ಸಲ ಬೇಡ.

ದಪ್ಪ ಪೈಪಿನಲ್ಲಿ ಬಗ್ಗಿಸಿದ್ದೇನೆ. ಇಂಜಿನ್ನಿನ ಮುಂದೆ ಎರಡು ಕಡೆ ಬೋಲ್ಟು, ಕೆಳಗೆ ಎರಡು. ಬ್ರೇಕಿಗೂ ಗೇರಿಗೂ ತಾಗುವುದಿಲ್ಲ, ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ತಿರುಗುತ್ತದೆ. ಈ ತುದಿಯಿಂದ ಆ ತುದಿಗೆ ಇಪ್ಪತ್ತೇಳೂವರೆ ಇಂಚು. ಹಳೆಯದು ಇಪ್ಪತ್ತಾರು ಇತ್ತು, ಉಜ್ಜಿಕೊಂಡು ಬರುತ್ತಿತ್ತು. ನಿಮ್ಮ ಬಾಗಿಲೂ ಇಪ್ಪತ್ತಾರು ಎಂದು ನೆನಪು. ಬಾಗಿಲು ಏನು ಮಾಡುತ್ತೀಯೋ ನೀನು ನೋಡು.

ಸೀಟಿನ ಸ್ಪಂಜು ಎರಡು ಇಂಚು ಕೊಯ್ದೆ. ಮುಂದಿನ ಭಾಗ ಕಿರಿದು ಮಾಡಿದೆ, ಅಗಲ ಇದ್ದರೆ ತೊಡೆ ಹರಡಿ ಕಾಲು ನೆಲಕ್ಕೆ ಸಿಗುವುದಿಲ್ಲ. ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಸ್ವಲ್ಪ ಇಳಿಸಿದೆ. ಗಾಡಿ ತಗ್ಗಿದ ಮೇಲೆ ಸೈಡ್ ಸ್ಟ್ಯಾಂಡು ಉದ್ದವಾಗಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಗಾಳಿ ಬಂದರೆ ಆಚೆ ಮಗುಚುತ್ತದೆ. ಅದನ್ನೂ ಒಂದು ಇಂಚು ಕೊಯ್ದು ಬೆಸುಗೆ ಹಾಕಿದ್ದೇನೆ.

ನಿನ್ನ ದಾರ ನೋಡಿದೆ. ನೋಡಿದ ಕೂಡಲೇ ಎರಡು ಬೆರಳು ಸೇರಿಸಿ ಅಳತೆ ಬರೆದುಕೊಂಡೆ. ಸೀಟು ಇನ್ನೂ ತಗ್ಗಾಗಲಿ ಎಂದು ನೀನು ಗಂಟನ್ನು ಬೇಕೆಂದೇ ಮೇಲೆ ಕಟ್ಟಿರುತ್ತೀಯ. ಹುಟ್ಟಿದಾಗಿನಿಂದ ನಿನ್ನನ್ನು ನೋಡಿದ್ದೇನೆ. ಅತಿ ತಗ್ಗಾದರೆ ಮಂಡಿ ಮಡಚಿಕೊಂಡು ಬ್ರೇಕು ತುಳಿಯಲು ಆಗುವುದಿಲ್ಲ, ತಿಳಿಯಿತೇ? ಒಂದು ಪಾದ ಪೂರ್ತಿ, ಇನ್ನೊಂದರ ಮುಂಗಾಲು ಊರಿದರೆ ಸಾಕು.

ಅಂದು ಬಿಚ್ಚಿಸಿದ್ದು ಯಾರೆಂದು ಭಾವನಿಗೆ ಗೊತ್ತಿದೆಯೇ?

ಅಣ್ಣ

*

ಮಾರ್ಚ್ 29

ಅಣ್ಣಾ,

ಎರಡು ಬೆರಳು ಅಲ್ಲ, ಎರಡೂವರೆ.

ಉತ್ತರ ತಡ ಆಯ್ತು. ಬರೆದು ಬರೆದು ಹರಿದೆ. ಲೆಕ್ಕದ ಚೀಟಿ ಅಷ್ಟು ಖರ್ಚಾಗಿದ್ದಕ್ಕೆ ಸೂಪರ್‌ವೈಸರಮ್ಮ ‘ಬೆಡ್‌ಶೀಟಿಗಿಂತ ಚೀಟಿನೇ ಜಾಸ್ತಿ ಕಳುವಾಗ್ತಾ ಇದೆ’ ಅಂದ್ರು.

ಇವರಿಗೆ ಗೊತ್ತಿರಲಿಲ್ಲ. ಆವತ್ತು ಇವರು ಗಾಡಿ ಮನೇಲೇ ಬಿಟ್ಟು ಕೆಲಸಕ್ಕೆ ಹೋಗಿದ್ರು, ನೀನು ಬಂದಿದ್ದೆ. ನಾನೇ ನಿನ್ನ ಪ್ರಾಣ ತಿಂದಿದ್ದು. ದಿನಾ ಗಾಡಿ ಒಳಗೆ ತರುವಾಗ ಆ ಗಾರ್ಡು ಚೌಕಟ್ಟಿಗೆ ಉಜ್ಜುತ್ತೆ, ಬಣ್ಣ ಕಿತ್ತಿದೆ, ಓನರಮ್ಮ ಮನೆ ಬಿಡಿ ಅಂತಾರೆ ಅಂತ. ಆಗಲೂ ನನಗೆ ಅದೊಂದೇ ಚಿಂತೆ. ನೀನು ‘ಇರಲಿ ಬಿಡೇ, ಅದು ಕಾಲಿಗೆ ಒಳ್ಳೇದು’ ಅಂದೆ. ನಾನು ಅತ್ತೆ. ನೀನು ಬಿಚ್ಚಿದೆ. ಸಾಯಂಕಾಲ ಇವರು ಗಾರ್ಡೆಲ್ಲಿ ಅಂದಾಗ, ಬಾಗಿತ್ತಂತೆ, ಅಣ್ಣ ಬಿಚ್ಚಿಕೊಂಡು ಹೋದ ಅಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ಇಪ್ಪತ್ತು ದಿನಕ್ಕೆ ತಿರುವಿನಲ್ಲಿ ಜಲ್ಲಿ ಮೇಲೆ ಗಾಡಿ ಜಾರಿ ಕಾಲ ಮೇಲೆ ಬಿತ್ತು. ಆಮೇಲೆ ಹೇಳೋಕೆ ಎಲ್ಲಿ ಬಾಯಿ ಬರುತ್ತೆ? ಮೊದಲ ವರ್ಷ ನೋವಲ್ಲಿದಾರೆ ಅಂತ ಹೇಳಲಿಲ್ಲ. ಎರಡನೇ ವರ್ಷ ಸ್ವಲ್ಪ ನಗ್ತಾ ಇದಾರೆ ಅಂತ ಹೇಳಲಿಲ್ಲ. ಹೀಗೇ ಒಂಬತ್ತು.

ನೀನು ಬಾಗಿಲು ಅಂತ ಬರೆದದ್ದು ಮುಳ್ಳಿನ ಹಾಗೆ ಕೂತ್ಕೊಂಡಿತ್ತು. ಬಾಗಿಲು ಕೊಯ್ಸೋಣ ಅಂದ್ರೆ ಯಾಕೆ ಅಂತ ಇವರು ಕೇಳ್ತಾರೆ. ಗಾರ್ಡು ಹಿಡಿಸಲ್ಲ ಅಂದ್ರೆ, ಮೊದಲು ಹಿಡೀತಿತ್ತಲ್ಲ ಅಂತಾರೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮಗಳು ಮಾರ್ಕೆಟ್ಟಿಗೆ ಹೋಗಿದ್ಲು. ಇವರ ಸೊರಗಿದ ಕಾಲಿಗೆ ಎಣ್ಣೆ ಹಚ್ಚುತ್ತಾ ಇದ್ದೆ. ಮುಖ ನೋಡದೆ ಹೇಳ್ಬಹುದಲ್ಲ ಅಂತ, ಹಚ್ಚುತ್ತಾನೇ ಹೇಳ್ದೆ. ಎಲ್ಲಾ ಹೇಳ್ದೆ. ಓನರಮ್ಮ, ಬಣ್ಣ, ನಾನು ಅತ್ತದ್ದು, ನೀನು ಬೇಡ ಅಂದದ್ದು, ಬಾಗಿತ್ತು ಅನ್ನೋ ಸುಳ್ಳು, ಗಾಡಿ ಈಗ ನಿನ್ನ ಹತ್ರ ಇರೋದು. ಹೇಳಿ ಮುಗಿದ ಮೇಲೂ ಕೈ ನಿಲ್ಲಿಸಲಿಲ್ಲ. ಎಣ್ಣೆ ಎಲ್ಲ ಇಂಗಿಹೋಗಿತ್ತು, ಸುಮ್ನೆ ಒಣ ಕಾಲು ಉಜ್ಜುತ್ತಾ ಇದ್ದೆ.

ಇವರು ‘ಸಾಕು, ಚರ್ಮ ಕಿತ್ತು ಬರುತ್ತೆ’ ಅಂದ್ರು. ಅಷ್ಟೇ.

ಮೂರು ದಿನ ಮಾತಿಲ್ಲ. ಮೊದಲೂ ಅಷ್ಟೇನು ಇರಲಿಲ್ಲ ಅನ್ನು. ಆದ್ರೆ ಇದು ಬೇರೆ ಥರ, ತಟ್ಟೆ ಇಟ್ರೆ ಊಟ ಮಾಡ್ತಾರೆ, ನೀರು ಕೊಟ್ರೆ ಕುಡೀತಾರೆ, ಕಣ್ಣು ಮಾತ್ರ ನನ್ನ ಮೇಲೆ ಬರಲ್ಲ. ನಾನು ಕೆಲಸದಲ್ಲಿ ದಿಂಬಿನ ಚೀಲಕ್ಕೆ ಬೆಡ್‌ಶೀಟು ಸೇರಿಸಿ ಮಡಿಸಿ ಬೈಸ್ಕೊಂಡೆ. ನಾಲ್ಕನೇ ದಿನ ಡ್ಯೂಟಿಗೆ ಹೊರಟಿದ್ದೆ, ಪ್ಯಾಸೇಜಿನ ಕುರ್ಚಿ ಮೇಲೆ ಕೂತಿದ್ರು. ‘ನಿಂತ್ಕೋ’ ಅಂದ್ರು.

‘ಒಂಬತ್ತು ವರ್ಷ ನಿನ್ನ ಅಣ್ಣನ ಮೇಲೆ ಹಲ್ಲು ಕಡೀತಾ ಕೂತಿದ್ದೆನಲ್ಲ, ಅಷ್ಟೂ ದಂಡ. ಈಗ ಹೊಸದಾಗಿ ನಿನ್ನ ಮೇಲೆ ಶುರು ಮಾಡೋಕೆ ನನಗೆ ತ್ರಾಣ ಇಲ್ಲ. ನಿಧಾನಕ್ಕೆ ಮಾಡ್ತೀನಿ. ಮೊದಲು ಬಾಗಿಲಿನವನನ್ನ ಕರೆಸು’ ಅಂದ್ರು.

ಇದು ಕ್ಷಮಿಸಿದ್ದೋ ಅಲ್ವೋ ನನಗೆ ತಿಳೀಲಿಲ್ಲ. ಬಸ್ಸಲ್ಲಿ ಉದ್ದಕ್ಕೂ ಯೋಚನೆ ಮಾಡಿದೆ, ಎರಡು ಸ್ಟಾಪು ಮುಂದೆ ಹೋದೆ. ನೀನು ಗಂಡಸು, ನಿನಗೇನಾದ್ರೂ ತಿಳಿದ್ರೆ ಬರಿ.

ಮಗಳನ್ನ ಶನಿವಾರ ಕಳಿಸ್ತೀನಿ. ಸೀಟಿನ ಮೇಲೆ ಕೂರಿಸಿ ನೋಡು.

ತಂಗಿ

*

ಏಪ್ರಿಲ್ 6

ತಂಗಿ,

ಭಾವ ಹೇಳಿದ್ದು ಏನೆಂದು ನನಗೂ ತಿಳಿಯಲಿಲ್ಲ. ಆದರೆ ಬಾಗಿಲಿನವನನ್ನು ಕರೆಸು ಎಂದಿದ್ದಾರೆ. ಕರೆಸು.

ಆ ಗಾರ್ಡು ಇದ್ದಿದ್ದರೆ ಅವರ ಕಾಲು ಉಳಿಯುತ್ತಿತ್ತೇ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ಅದು ತೆಳು ಪೈಪು. ಉಳಿಯುತ್ತಿತ್ತೋ, ಅದೂ ಬಗ್ಗಿ ಕಾಲಿಗೇ ಚುಚ್ಚುತ್ತಿತ್ತೋ. ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ನೀನು ಹೇಳಿದೆ ನಿಜ, ಬಿಚ್ಚಿದ್ದು ನನ್ನ ಕೈ. ಬೇಡ ಎಂದು ಗೊತ್ತಿದ್ದೂ ಬಿಚ್ಚಿದೆ. ಆಸ್ಪತ್ರೆಯಲ್ಲಿ ಸುಮ್ಮನಿದ್ದದ್ದು ನಿನ್ನ ಸುಳ್ಳು ಕಾಯಲಿಕ್ಕೆ ಮಾತ್ರ ಅಲ್ಲ.

ಗುಂಡುಪಿನ್ನು ಬಂದಿದ್ದಳು. ಸೀಟಿನ ಮೇಲೆ ಕೂತಳು. ಎಡಗಾಲು ಪೂರ್ತಿ, ಬಲಗಾಲಿನ ಬೆರಳು. ನಾನು ಹೇಳಿದ ಹಾಗೇ ಬಂತು. ‘ಮಾವ, ಇದು ಗಾಡಿನಾ ಕುದುರೆನಾ’ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ನನ್ನ ಜೊತೆ ಮಾತಾಡಲು ಗ್ಯಾರೇಜಿನಲ್ಲಿ ಹಲಗೆ ಇಟ್ಟಿದ್ದೇನೆ. ‘ನಿನ್ನನ್ನು ಕೆಡವಿದರೆ ಕುದುರೆ, ಹೊತ್ತುಕೊಂಡು ಹೋದರೆ ಗಾಡಿ’ ಎಂದೆ.

ಈಗ ಹೇಳುವುದನ್ನು ಓದಿ ಕೂಗಾಡಬೇಡ. ಅಂಗಳದಲ್ಲಿ ನಿಧಾನಕ್ಕೆ ತಿರುಗಿಸುವಾಗ ಬಿದ್ದಳು. ಬಲಮಗ್ಗುಲಿಗೆ, ಗಾಡಿ ಸಮೇತ. ನನಗೆ ಶಬ್ದ ಕೇಳಲಿಲ್ಲ, ಬೆನ್ನು ತಿರುಗಿಸಿಕೊಂಡು ನಿಂತಿದ್ದೆ. ಅಂಗಾಲಿಗೆ ನೆಲ ಅದುರಿದ್ದು ತಿಳಿದು ತಿರುಗಿದೆ. ಗಾಡಿ ಗಾರ್ಡಿನ ಮೇಲೆ ಓರೆಯಾಗಿ ಕೂತಿತ್ತು. ಗಾಡಿಗೂ ನೆಲಕ್ಕೂ ನಡುವೆ ಸಂದು, ಆ ಸಂದಿನಲ್ಲಿ ಅವಳ ಕಾಲು. ಹಾಗೇ ಎಳೆದುಕೊಂಡಳು. ಮೊಣಕೈ ತರಚಿದೆ, ಬ್ರೇಕಿನ ಹಿಡಿಗೆ ಏನೂ ಆಗಿಲ್ಲ, ಕೈಯ ಗಾರ್ಡು ತಡೆಯಿತು. ಎದ್ದು ನಿಂತು ನಕ್ಕಳು, ಹಲ್ಲೆಲ್ಲ ಕಾಣುವ ಹಾಗೆ. ನಾನು ಗ್ಯಾರೇಜಿನ ಹಿಂದೆ ಹೋಗಿ ಸ್ವಲ್ಪ ಹೊತ್ತು ಟೈರಿನ ಮೇಲೆ ಕೂತೆ. ಆಮೇಲೆ ಅವಳು ಆರು ಸಲ ತಿರುಗಿಸಿದಳು, ಬೀಳಲಿಲ್ಲ.

ಹದಿಮೂರಕ್ಕೆ ಅವಳೇ ಬಂದು ಗಾಡಿ ಓಡಿಸಿಕೊಂಡು ಬರುತ್ತಾಳೆ. ನಾನು ಹಿಂದೆ ಇನ್ನೊಂದು ಗಾಡಿಯಲ್ಲಿ ನಿಮ್ಮ ಮನೆಯವರೆಗೆ ಬರುತ್ತೇನೆ. ಒಳಗೆ ಬರುವುದು ಬಿಡುವುದು ಬಾಗಿಲು ನೋಡಿ.

ಅಣ್ಣ

*

ಏಪ್ರಿಲ್ 10

ಅಣ್ಣಾ,

ಕೂಗಾಡಲಿಲ್ಲ. ಲಾಂಡ್ರಿಯಲ್ಲಿ ಕೂತು ಓದಿದೆ, ಮಿಷನ್ನು ಓಡ್ತಾ ಇತ್ತು, ಅತ್ತದ್ದು ಯಾರಿಗೂ ಕೇಳಲಿಲ್ಲ. ಮನೆಗೆ ಹೋಗಿ ಅವಳ ಮೊಣಕೈ ಹಿಡಿದು ನೋಡಿದೆ. ಬಸ್ಸಿನ ಕಂಬಿಗೆ ತಗುಲಿದ್ದು ಅಂದಿದ್ಲು ನನಗೆ, ಕಳ್ಳಿ. ‘ಸುಳ್ಳು ಯಾಕೆ ಹೇಳ್ದೆ’ ಅಂದ್ರೆ, ‘ನೀನು ಗಾಡಿ ಮಾರಿಬಿಡ್ತಿದ್ದೆ’ ಅಂದ್ಲು. ನಾನು ಇನ್ನೇನು ಬೈಯಲಿ? ಯಾವ ಬಾಯಲ್ಲಿ ಬೈಯಲಿ? ಕುರ್ಚಿ ಮೇಲಿಂದ ಇವರು ‘ಹೂಂ, ಬೈಯಿ ಬೈಯಿ, ನೋಡೋಣ’ ಅಂದ್ರು. ತುಟಿ ಒಂದು ಕಡೆ ಸೊಟ್ಟ ಆಗಿತ್ತು. ನಗುವೇ ಇರಬೇಕು.

ಬಾಗಿಲ ಸುದ್ದಿ. ಓನರಮ್ಮನ ಮನೆಗೆ ಮೂರು ಸಲ ಹೋದೆ. ಎರಡು ಸಲ ಬೇಡ ಅಂದ್ರು. ಮೂರನೇ ಸಲ ಇವರೇ ಬಂದ್ರು, ಹದಿನಾಲ್ಕು ಮೆಟ್ಟಿಲು, ಊರುಗೋಲಲ್ಲಿ. ಮೇಲೆ ಹೋಗಿ ಉಸಿರು ಬಿಡ್ತಾ ನಿಂತ್ರು ಅಷ್ಟೇ. ಓನರಮ್ಮ ಇವರ ಕಾಲು ನೋಡಿದ್ರು, ಬಗ್ಗಿ ಕೆಳಗೆ ನಮ್ಮ ಬಾಗಿಲು ನೋಡಿದ್ರು, ‘ಅಷ್ಟೇ ಕೊಯ್ಸಿ, ಜಾಸ್ತಿ ಬೇಡ’ ಅಂದ್ರು. ಇಳಿದು ಬರೋಕೆ ಅರ್ಧ ಗಂಟೆ ಆಯ್ತು. ನಡುವೆ ಒಂದು ಮೆಟ್ಟಿಲ ಮೇಲೆ ಇಬ್ರೂ ಕೂತ್ವಿ. ‘ಈ ಓನರಮ್ಮನಿಗೇನಾ ನೀನು ಅಷ್ಟು ಹೆದರಿದ್ದು’ ಅಂದ್ರು. ಹೌದು ಅಂದೆ. ‘ಅವಳು ಆಗಲೂ ಹೀಗೇ ಕುಳ್ಳಿನೇ ಇದ್ಲಲ್ಲೇ’ ಅಂದ್ರು. ನಾನು ಮೊಣಕಾಲು ಒತ್ತಿಕೊಂಡು ಕೂತೆ.

ನಿನ್ನೆ ಬಡಗಿ ಬಂದ. ಎಡಗಡೆ ಚೌಕಟ್ಟು ಪೂರ್ತಿ ಕಿತ್ತ. ಹಳೇ ಮರದಲ್ಲಿ ಮೊಣಕಾಲ ಎತ್ತರಕ್ಕೆ ಗಾರ್ಡು ಉಜ್ಜಿದ ಗೀರು ಹಾಗೇ ಇತ್ತು, ಆಮೇಲೆ ಮೂರು ಸಲ ಬಣ್ಣ ಬಳಿದಿದ್ರೂ. ಬೆರಳು ಅದರೊಳಗೆ ಕೂರುತ್ತೆ. ಇವರು ಅದನ್ನ ಒಲೆಗೆ ಹಾಕಬೇಡ ಅಂದ್ರು. ಗೋಡೆಗೆ ಒರಗಿಸಿದೀನಿ. ಬಡಗಿ ಇಟ್ಟಿಗೆ ಕೆತ್ತುವಾಗ ಪ್ಯಾಸೇಜಿನ ಕುರ್ಚಿ ಮೇಲೆ ಕೂತು ‘ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ’ ಅಂತ ಹೇಳ್ತಾನೇ ಇದ್ರು. ಬಡಗಿ ರೋಸಿಹೋಗಿ ‘ಸ್ವಾಮಿ, ಬೈಕು ತರ್ತೀರೋ ಬಸ್ಸು ತರ್ತೀರೋ’ ಅಂದ. ಮೈಮೇಲೆಲ್ಲ ಇಟ್ಟಿಗೆ ಪುಡಿ, ಏಳು ಅಂದ್ರೂ ಏಳಲಿಲ್ಲ. ಒಂದು ದಿನದಲ್ಲಿ ಅಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ಸಾಯಂಕಾಲ ಸುಸ್ತಾಗಿ ಅಲ್ಲೇ ನಿದ್ದೆ ಹೋದ್ರು.

ಈಗ ಗೋಡೆ ಬಾಯಿ ಬಿಟ್ಕೊಂಡು ನಿಂತಿದೆ. ಹೊಸ ಚೌಕಟ್ಟು ಕೂತ ಮೇಲೆ ಒಳಗೆ ಇಪ್ಪತ್ತೆಂಟೂವರೆ ಇಂಚು ಸಿಗುತ್ತೆ ಅಂತ ಬಡಗಿ ಹೇಳ್ದ. ನಾಳಿದ್ದು ಬೆಳಿಗ್ಗೆ ಬಂದು ಹೊಸ ಚೌಕಟ್ಟು ನಿಲ್ಲಿಸಿ ಸಿಮೆಂಟು ಹಾಕ್ತಾನೆ. ಆಮೇಲೆ ಒಂದು ನೂಲೂ ಕದಲ್ಸೋಕಾಗಲ್ಲ ಅಂದ. ನೀನು ಗಾರ್ಡು ಇಪ್ಪತ್ತೇಳೂವರೆ ಅಂದೆ. ಒಂದು ಇಂಚು ಉಳಿಯುತ್ತೆ, ಆ ಕಡೆ ಅರ್ಧ, ಈ ಕಡೆ ಅರ್ಧ. ಆದ್ರೆ ಅದು ಅವಳು ಬೀಳೋದಕ್ಕೆ ಮೊದಲು ಅಳೆದದ್ದು. ಬಿದ್ದಾಗ ಬಲಗಡೆ ಸ್ವಲ್ಪವೇ ಹೊರಗೆ ಬಾಗಿದ್ರೆ? ನಿನ್ನ ಕಣ್ಣಿಗೆ ಕಾಣದಷ್ಟು?

ಬೈಯಬೇಡ. ಟೇಪು ಬೇಡ, ದಾರದಲ್ಲೇ ಅಳೆ, ಆ ತುದಿಯಿಂದ ಈ ತುದಿಗೆ, ಬೋಲ್ಟಿನ ತಲೆಯೂ ಸೇರಿಸಿ. ಈ ಸಲ ನಾನು ಗಂಟು ಆಚೀಚೆ ಮಾಡಲ್ಲ, ನಿನ್ನ ಗಂಟು ಎಲ್ಲಿದ್ಯೋ ಅಲ್ಲೇ ಬಾಗಿಲು. ಈ ಕಾಗದ ತರೋ ಟೆಂಪೋದವನ ಕೈಯಲ್ಲೇ ದಾರ ಕಳಿಸು. ಇನ್ನೊಂದೇ ಒಂದು ಸಲ ಅಳೆ ಅಣ್ಣ.

ತಂಗಿ